ಜಾಲತಾಣಕ್ಕೆ ಬಂದವರ ಲೆಕ್ಕ: ಎಣಿಕೆಯ ತಂತ್ರಾಂಶಕ್ಕೆ ಕಾಣುವುದೇನು, ಕಾಣದಿರುವುದೇನು

ಪತ್ರಿಕೆಯೊಂದು ಮುದ್ರಣಾಲಯದಿಂದ ಹೊರಬಿದ್ದ ನಂತರ ಅದನ್ನು ಯಾರು ಓದಿದರು, ಯಾವ ಪುಟದಲ್ಲಿ ತಂಗಿದರು ಎಂಬುದು ಸಂಪಾದಕರಿಗೆ ತಿಳಿಯುತ್ತಿರಲಿಲ್ಲ. ಮಾರಾಟದ ಅಂಕಿ ಅಂಶಗಳನ್ನು ದೃಢೀಕರಿಸುವ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಸಂಸ್ಥೆ ಭಾರತದಲ್ಲಿ 1948ರಿಂದ ಇದೆ. ಆದರೆ ಅದು ಎಣಿಸುವುದು ಪ್ರತಿಗಳನ್ನೇ ಹೊರತು ಓದನ್ನಲ್ಲ. ಒಂದು ಪ್ರತಿ ಕ್ಷೌರದಂಗಡಿಯಲ್ಲಿ ಇಪ್ಪತ್ತು ಕೈ ದಾಟಬಹುದು, ಇನ್ನೊಂದು ಮಡಿಕೆಯನ್ನೂ ಬಿಚ್ಚದೆ ರದ್ದಿಗೆ ಸೇರಬಹುದು. ಅಂತರಜಾಲ ಈ ಕೊರತೆಯನ್ನು ನೀಗಿತು, ಓದುಗನ ಪ್ರತಿ ಹೆಜ್ಜೆಯೂ ಈಗ ಕಣ್ಣಿಗೆ ಬೀಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನಂಬಿಕೆ ಅರ್ಧದಷ್ಟು ಮಾತ್ರ ಸರಿ.

ಹಿಟ್‌ನಿಂದ ಘಟನೆಗೆ

ಆರಂಭದ ದಿನಗಳಲ್ಲಿ ಲೆಕ್ಕವಿಡುತ್ತಿದ್ದುದು ಸರ್ವರ್ ಗಣಕದ ದಿನಚರಿ, ಅಂದರೆ ಲಾಗ್ ಕಡತ. ಯಾವುದೇ ಕಡತವನ್ನು ಯಾರಾದರೂ ಕೇಳಿದೊಡನೆ ಅಲ್ಲಿ ಒಂದು ಸಾಲು ದಾಖಲಾಗುತ್ತದೆ: ಸಮಯ, ಐಪಿ ವಿಳಾಸ, ಕೇಳಿದ ಪುಟ, ಬಳಸಿದ ಬ್ರೌಸರ್. ಈ ಸಾಲುಗಳ ಮೊತ್ತಕ್ಕೆ ‘ಹಿಟ್’ ಎಂದು ಹೆಸರು. ಇಪ್ಪತ್ತು ಚಿತ್ರಗಳಿರುವ ಪುಟವನ್ನು ಒಬ್ಬನೇ ಒಮ್ಮೆ ತೆರೆದರೂ ಇಪ್ಪತ್ತೊಂದು ಹಿಟ್ ಆಗುತ್ತದೆ. ‘ನಮ್ಮ ತಾಣಕ್ಕೆ ಲಕ್ಷ ಹಿಟ್’ ಎಂದು ಜಾಹೀರಾತುದಾರರ ಮುಂದೆ ಹೇಳಿಕೊಂಡವರ ಗುಟ್ಟು ಬಹುಮಟ್ಟಿಗೆ ಇಷ್ಟೇ. ಈ ಕಡತಗಳನ್ನು ಜಾಲಾಡಿ ಪಟ್ಟಿ ಮಾಡಿಕೊಡುವ ‘ಅನಲಾಗ್’ ಎಂಬ ತಂತ್ರಾಂಶವನ್ನು ಕೇಂಬ್ರಿಜ್‌ನ ಸ್ಟೀಫನ್ ಟರ್ನರ್ 1995ರಲ್ಲಿ ಹೊರತಂದರು.

ಲಾಗ್ ಕಡತಕ್ಕೆ ಒಂದು ಕುಂದಿತ್ತು. ನಿನ್ನೆ ಬಂದವನೇ ಇಂದೂ ಬಂದನೇ ಎಂಬುದನ್ನು ಅದು ಖಚಿತವಾಗಿ ಹೇಳಲಾರದು. ಇದಕ್ಕೆ ನೆರವಾದದ್ದು ‘ಕುಕಿ’. ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ 1994ರಲ್ಲಿ ರೂಪಿಸಿದ ಈ ಪುಟ್ಟ ಪಠ್ಯತುಣುಕನ್ನು ತಾಣವು ಓದುಗನ ಬ್ರೌಸರ್‌ನಲ್ಲಿ ಇರಿಸುತ್ತದೆ, ಮುಂದಿನ ಬಾರಿ ಅದನ್ನೇ ಕೇಳಿ ಗುರುತು ಹಿಡಿಯುತ್ತದೆ.

ಲಾಗ್ ಓದುವ ಮತ್ತೊಂದು ತಂತ್ರಾಂಶ ‘ಅರ್ಚಿನ್’. ಅದನ್ನು ತಯಾರಿಸಿದ್ದ ಅಮೆರಿಕದ ಸ್ಯಾನ್ ಡಿಯಾಗೋದ ಕಂಪನಿಯನ್ನು ಗೂಗಲ್ 2005ರಲ್ಲಿ ಕೊಂಡುಕೊಂಡಿತು, ಅದೇ ನವೆಂಬರ್‌ನಲ್ಲಿ ‘ಗೂಗಲ್ ಅನಲಿಟಿಕ್ಸ್’ ಹೆಸರಿನಲ್ಲಿ ಉಚಿತವಾಗಿ ಹಂಚಿತು. ದೊಡ್ಡ ಕಂಪನಿಗಳಷ್ಟೇ ಕೊಳ್ಳಬಲ್ಲ ಸಲಕರಣೆ ಸಣ್ಣ ಊರಿನ ತಾಣಗಳಿಗೂ ದಕ್ಕಿದ್ದು ಹೀಗೆ. ಕೊಂಡಿಗಳ ಬಾಲದಲ್ಲಿ ಇಂದಿಗೂ ಕಾಣುವ ‘ಯುಟಿಎಂ’ ಎಂಬ ಮೂರಕ್ಷರಗಳಲ್ಲಿ ಮೊದಲನೆಯದು ಆ ಅರ್ಚಿನ್‌ನ ನೆನಪೇ. ಹಳೆಯ ಆವೃತ್ತಿ 2023ರ ಜುಲೈ 1ರಿಂದ ಎಣಿಕೆ ನಿಲ್ಲಿಸಿತು. 2020ರ ಅಕ್ಟೋಬರ್‌ನಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಪುಟ ತೆರೆದದ್ದು, ಕೊಂಡಿ ಒತ್ತಿದ್ದು, ಕಡತ ಇಳಿಸಿಕೊಂಡದ್ದು, ಎಲ್ಲವೂ ಒಂದೊಂದು ‘ಘಟನೆ’.

ಎಣಿಕೆ ನಡೆಯುವ ಬಗೆ

ಪ್ರತಿ ಪುಟದಲ್ಲೂ ಜಾವಾಸ್ಕ್ರಿಪ್ಟ್‌ನ ಕೆಲವು ಸಾಲುಗಳನ್ನು ಸೇರಿಸಲಾಗುತ್ತದೆ. ಪುಟ ತೆರೆದಾಗ ಅವು ಓದುಗನ ಗಣಕದಲ್ಲೇ ಚಾಲನೆಗೊಂಡು, ದೂರದ ಸರ್ವರ್‌ಗೆ ಸದ್ದಿಲ್ಲದೆ ಒಂದು ಸಂದೇಶ ಕಳಿಸುತ್ತವೆ. ಕುಕಿಯಲ್ಲಿ ಓದುಗನ ಹೆಸರಿರುವುದಿಲ್ಲ, ಯಾದೃಚ್ಛಿಕವಾದ ಒಂದು ಸಂಖ್ಯೆ ಇರುತ್ತದೆ. ಅದರ ಆಯುಷ್ಯ ಸಾಮಾನ್ಯವಾಗಿ ಎರಡು ವರ್ಷ. ಅರ್ಧ ತಾಸು ಯಾವ ಚಲನೆಯೂ ಇಲ್ಲದಿದ್ದರೆ ‘ಭೇಟಿ’ ಮುಗಿಯಿತೆಂದು ಲೆಕ್ಕ. ಪುಟದ ಎತ್ತರದ ಶೇ 90ರಷ್ಟನ್ನು ಸರಿಸಿದರೆ ‘ಸ್ಕ್ರೋಲ್’ ಘಟನೆ ದಾಖಲಾಗುತ್ತದೆ. ತಾಣದ ಒಡೆಯರಿಗೆ ಮುಖ್ಯವೆನಿಸಿದ ಬೇರೆ ಕ್ರಿಯೆಗಳನ್ನು, ಉದಾಹರಣೆಗೆ ಚಂದಾ ಅರ್ಜಿ ತುಂಬಿದ್ದನ್ನು, ಪ್ರತ್ಯೇಕವಾಗಿ ಹೆಸರಿಸಿ ಎಣಿಸಬಹುದು.

ಅಂಕಿ ತಪ್ಪು ದಾರಿ ಹಿಡಿಸುವುದು ಎಲ್ಲಿ?

ಮೊದಲನೆಯ ಎಡವಟ್ಟು ‘ಬಳಕೆದಾರ’ ಎಂಬ ಪದದಲ್ಲೇ ಇದೆ. ಯಂತ್ರ ಎಣಿಸುವುದು ಬ್ರೌಸರ್‌ಗಳನ್ನು, ಮನುಷ್ಯರನ್ನಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮನೆಯ ಒಂದೇ ಮೊಬೈಲ್‌ನಲ್ಲಿ ಅಕ್ಕಪಕ್ಕದ ಮೂವರು ಮಕ್ಕಳು ಅಂಕ ನೋಡಿಕೊಂಡರೆ ವರದಿಯಲ್ಲಿ ಒಬ್ಬನೇ ಬಳಕೆದಾರ. ಕಚೇರಿಯ ಗಣಕದಲ್ಲೂ ಕಿಸೆಯ ಫೋನಿನಲ್ಲೂ ಓದುವ ಗುಮಾಸ್ತನೊಬ್ಬ ಇಬ್ಬರಾಗುತ್ತಾನೆ. ಆಪಲ್‌ನ ಸಫಾರಿ ಬ್ರೌಸರ್ 2019ರಿಂದ ಇಂಥ ಕುಕಿಗಳ ಆಯುಷ್ಯವನ್ನು ಏಳು ದಿನಕ್ಕೆ ಇಳಿಸಿದ್ದರಿಂದ, ಹತ್ತು ದಿನಕ್ಕೊಮ್ಮೆ ಬರುವ ಹಳೆಯ ಓದುಗ ಪ್ರತಿ ಬಾರಿಯೂ ‘ಹೊಸಬ’.

ಸುದ್ದಿಮನೆಗಳಿಗೆ ಇದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಕಾಲದ ಲೆಕ್ಕ. ಹಳೆಯ ಪದ್ಧತಿಯಲ್ಲಿ ಒಂದು ಪುಟದ ಮೇಲೆ ಕಳೆದ ಸಮಯವೆಂದರೆ ಅದನ್ನು ತೆರೆದ ಕ್ಷಣಕ್ಕೂ ಮುಂದಿನ ಪುಟ ತೆರೆದ ಕ್ಷಣಕ್ಕೂ ನಡುವಿನ ಅಂತರ. ಮುಂದಿನ ಪುಟವೇ ಇಲ್ಲದಿದ್ದರೆ? ಸಮಯ ಸೊನ್ನೆ. ನೀರಾವರಿ ಕುರಿತ ದೀರ್ಘ ವರದಿಯನ್ನು ಹನ್ನೆರಡು ನಿಮಿಷ ಕುಳಿತು ಓದಿ, ತೃಪ್ತನಾಗಿ ಎದ್ದುಹೋದವನೂ ಶೀರ್ಷಿಕೆ ನೋಡಿ ಮುಖ ತಿರುಗಿಸಿದವನೂ ಒಂದೇ ಪಟ್ಟಿಗೆ, ‘ಬೌನ್ಸ್’ ಪಟ್ಟಿಗೆ, ಸೇರುತ್ತಿದ್ದರು. ಹತ್ತು ಚಿತ್ರಗಳನ್ನು ಹತ್ತು ಪುಟಗಳಲ್ಲಿ ಹರಡಿದ ಚಿತ್ರಮಾಲಿಕೆಗೆ ಮಾತ್ರ ಕೈತುಂಬ ಅಂಕ. ಇಂಥ ವರದಿಯನ್ನು ಮುಂದಿಟ್ಟುಕೊಂಡು ‘ದೀರ್ಘ ಲೇಖನ ಯಾರೂ ಓದುವುದಿಲ್ಲ’ ಎಂದು ತೀರ್ಮಾನಿಸಿದರೆ ಅದು ಓದುಗರ ತೀರ್ಪಲ್ಲ, ಅಳತೆಗೋಲಿನದು. ಈಗಿನ ಆವೃತ್ತಿ ಪುಟವು ಪರದೆಯ ಮುನ್ನೆಲೆಯಲ್ಲಿರುವ ಕಾಲವನ್ನು ಎಣಿಸುತ್ತದೆ. ಹತ್ತು ಸೆಕೆಂಡ್ ದಾಟಿದರೆ ಅದು ‘ತೊಡಗಿಕೊಂಡ ಭೇಟಿ’. ಸುಧಾರಣೆ ನಿಜ. ಆದರೆ ಹತ್ತು ಸೆಕೆಂಡಿನಲ್ಲಿ ಓದಿ ಮುಗಿಯುವುದು ಒಂದು ಪ್ಯಾರಾ ಅಷ್ಟೇ.

ಮೂರನೆಯದು, ಓದುಗ ಬಂದ ದಾರಿ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೆಯಾದ ಕೊಂಡಿ ಒತ್ತಿ ಬಂದವರು ಸಾಮಾನ್ಯವಾಗಿ ‘ನೇರ’ ಭೇಟಿಯೆಂದೇ ದಾಖಲಾಗುತ್ತಾರೆ, ವಿಳಾಸವನ್ನು ತಾವೇ ಬೆರಳಚ್ಚಿಸಿದರೋ ಎಂಬಂತೆ. ಹೀಗೆ ಮೂಲ ಕಾಣದ ಹಂಚಿಕೆಗೆ ಅಮೆರಿಕದ ಪತ್ರಕರ್ತ ಅಲೆಕ್ಸಿಸ್ ಮ್ಯಾಡ್ರಿಗಲ್ 2012ರಲ್ಲೇ ‘ಡಾರ್ಕ್ ಸೋಷಿಯಲ್’ ಎಂಬ ಹೆಸರಿಟ್ಟಿದ್ದರು. ಕೊಂಡಿಗೆ ಯುಟಿಎಂ ಗುರುತು ಅಂಟಿಸುವುದೇ ಇದಕ್ಕಿರುವ ಸರಳ ಉಪಾಯ.

ಕನ್ನಡ ತಾಣಗಳಿಗೆ ಇನ್ನೊಂದು ತೊಡಕೂ ಇತ್ತು. 2000ದ ದಶಕದಲ್ಲಿ ಅನೇಕ ತಾಣಗಳು ತಮ್ಮದೇ ಫಾಂಟ್‌ಗಳಲ್ಲಿದ್ದುದರಿಂದ ಶೋಧಯಂತ್ರಕ್ಕೆ ಅಲ್ಲಿ ಕನ್ನಡವೇ ಕಾಣುತ್ತಿರಲಿಲ್ಲ, ರೋಮನ್ ಚಿಹ್ನೆಗಳ ಗೊಂದಲವಷ್ಟೇ ಕಾಣುತ್ತಿತ್ತು. ಯೂನಿಕೋಡ್ ಬಂದು ಇದು ಸರಿಹೋಗುವ ಹೊತ್ತಿಗೆ, 2011ರ ಅಕ್ಟೋಬರ್‌ನಿಂದ, ಯಾವ ಪದ ಹುಡುಕಿ ಓದುಗ ಬಂದನೆಂಬುದನ್ನು ಗೂಗಲ್ ಹಂತಹಂತವಾಗಿ ಅನಲಿಟಿಕ್ಸ್‌ನಿಂದ ಮರೆಮಾಡತೊಡಗಿತು. ಆ ಪದಗಳಿಗೆ ಈಗ ‘ಸರ್ಚ್ ಕನ್ಸೋಲ್’ ನೋಡಬೇಕು. ವಿಳಾಸದಲ್ಲಿ ಕನ್ನಡ ಅಕ್ಷರವಿದ್ದರೆ ಮತ್ತೊಂದು ಪೇಚು: ಒಂದು ‘ಕ’ ಮೂರು ಬೈಟ್‌ಗಳಾಗಿ, ಶೇಕಡಾ ಚಿಹ್ನೆಗಳೊಡನೆ ಒಂಬತ್ತು ಚಿಹ್ನೆಗಳಾಗಿ ಬದಲಾಗುತ್ತದೆ. ಇಂಗ್ಲಿಷ್ ಅಕ್ಷರದ ಚಿಕ್ಕ ವಿಳಾಸ ಕೊಡುವುದು ರೂಢಿಯಾದದ್ದಕ್ಕೆ ಇದೂ ಒಂದು ಕಾರಣ.

ಓದುಗನ ಹಕ್ಕು

ಹೆಸರಿಲ್ಲದ ಸಂಖ್ಯೆಯಿಂದ ಯಾರಿಗೇನು ತೊಂದರೆ ಎಂದು ಕೇಳುವವರಿದ್ದಾರೆ. ಅರ್ಜಿಯೊಂದು ತುಂಬಿದ ವಿವರಗಳನ್ನು ಪುಟದ ವಿಳಾಸಕ್ಕೇ ಸೇರಿಸಿ ಕಳಿಸುವಂತೆ ರಚಿತವಾಗಿದ್ದರೆ, ಇ–ಮೇಲ್, ದೂರವಾಣಿ ಸಂಖ್ಯೆಗಳೂ ಎಣಿಕೆಯ ಸರ್ವರ್‌ಗೆ ಹೋಗಿಬಿಡುತ್ತವೆ. ಗೂಗಲ್‌ನ ನಿಯಮವೇ ಇದನ್ನು ನಿಷೇಧಿಸುತ್ತದೆ. ಮೌಸ್‌ನ ಚಲನೆ, ಕೀಲಿಗಳ ಒತ್ತುವಿಕೆಯನ್ನು ಚಲನಚಿತ್ರದಂತೆ ಮರುತೋರಿಸುವ ಸಲಕರಣೆಗಳು ಇನ್ನೂ ಅಪಾಯಕಾರಿ. ಹೆಚ್ಚು ಭೇಟಿ ಪಡೆಯುವ 50,000 ತಾಣಗಳ ಪೈಕಿ 482ರಲ್ಲಿ ಇಂಥವು ಇದ್ದುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಬಯಲಿಗೆಳೆದರು.

ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಹದಿನೆಂಟು ವರ್ಷದೊಳಗಿನವರ ನಡವಳಿಕೆಯ ಜಾಡು ಹಿಡಿಯುವುದನ್ನು, ಕೆಲವು ವಿನಾಯಿತಿಗಳ ಹೊರತು, ಕಾಯ್ದೆ ನಿಷೇಧಿಸುತ್ತದೆ. ಫಲಿತಾಂಶ ಪ್ರಕಟಿಸುವ ತಾಣಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಎಣಿಕೆ ಬೇಕು, ಆದರೆ ದತ್ತಾಂಶ ಹೊರಗೆ ಹೋಗಬಾರದು ಎನ್ನುವವರು ‘ಮಟೊಮೊ’ದಂಥ ಮುಕ್ತ ತಂತ್ರಾಂಶವನ್ನು ಸ್ವಂತ ಸರ್ವರ್‌ನಲ್ಲೇ ಸ್ಥಾಪಿಸಿಕೊಳ್ಳಬಹುದು. 2018ರವರೆಗೆ ಅದರ ಹೆಸರು ‘ಪಿವಿಕ್’ ಎಂದಿತ್ತು. ಕುಕಿಯಿಲ್ಲದೆಯೂ ಎಣಿಸಬಲ್ಲ ಅದು ಹಳೆಯ ಲಾಗ್ ಕಡತಗಳನ್ನೂ ಓದುತ್ತದೆ.

ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಬಳಕೆದಾರನಿಗೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡವಿದೆ. ಈ ಬಾಧ್ಯತೆಗಳು ಜಾರಿಗೆ ಬರಲು ನಿಯಮ ಪ್ರಕಟವಾದಂದಿನಿಂದ ಹದಿನೆಂಟು ತಿಂಗಳ ಅವಧಿ ನೀಡಲಾಗಿದ್ದು, ಅದು 2027ರ ಮೇ ತಿಂಗಳಿಗೆ ಮುಗಿಯುತ್ತದೆ.