ಹೊರೆ ಇಳಿಸುವ ಲೆಕ್ಕ

2008ರಲ್ಲಿ ಐಪಿಎಲ್ ಕ್ರಿಕೆಟ್ ಆರಂಭವಾದಾಗಲೇ ಪ್ರತಿ ತಂಡದ ಖರ್ಚಿಗೆ ಮಿತಿ ಹಾಕಲಾಯಿತು. ಆಗ ಅದು 50 ಲಕ್ಷ ಡಾಲರ್. ಹಣವಂತ ಮಾಲೀಕನೊಬ್ಬನೇ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳಬಾರದೆಂಬುದು ಇದರ ಉದ್ದೇಶ. ಆದರೆ ಮಿತಿ ಬಂದೊಡನೆ ದುಬಾರಿ ಆಟಗಾರ ತಂಡಕ್ಕೆ ಹೊರೆಯೂ ಆಗಬಲ್ಲ.

ಹೊರೆ ಇಳಿಸುವ ದಾರಿ ಎರಡು. ಒಂದು, ದಾಟಿಸುವುದು. 2023ರ ನವೆಂಬರಿನಲ್ಲಿ ಮುಂಬೈ ತಂಡ 17.5 ಕೋಟಿ ರೂಪಾಯಿಯ ಕ್ಯಾಮರೂನ್ ಗ್ರೀನ್ ಅವರನ್ನು ಬೆಂಗಳೂರಿಗೆ ಬಿಟ್ಟುಕೊಟ್ಟಿತು. ಹಾರ್ದಿಕ್ ಪಾಂಡ್ಯ ಅವರನ್ನು 15 ಕೋಟಿಗೆ ಮರಳಿ ತರಲು ಅದಕ್ಕೆ ಜಾಗ ಬೇಕಿತ್ತು. ಇನ್ನೊಂದು, ಕೈಬಿಡುವುದು. ಅದೇ ತಿಂಗಳು ಬೆಂಗಳೂರು ತಂಡ ತಲಾ 10.75 ಕೋಟಿಯ ಹರ್ಷಲ್ ಪಟೇಲ್ ಮತ್ತು ವನಿಂದು ಹಸರಂಗ ಅವರನ್ನು ಕೈಬಿಟ್ಟಿತು.

ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಕೈಬಿಡುವುದು ಇಷ್ಟು ಸಲೀಸಲ್ಲ. ಮಾಲೀಕರು–ಆಟಗಾರರ ಜಗಳದಿಂದ 2004–05ರ ಇಡೀ ಋತು ರದ್ದಾಗಿ, 2005ರಲ್ಲಿ ಅಲ್ಲಿ ಸಂಬಳದ ಮಿತಿ ಬಂತು. ಒಪ್ಪಂದದ ನಡುವೆ ಬಿಡುಗಡೆ ಮಾಡಿದರೆ 26 ದಾಟಿದ ಆಟಗಾರನಿಗೆ ಉಳಿದ ಸಂಬಳದ ಮೂರರಲ್ಲಿ ಎರಡು ಪಾಲು ಕೊಡಬೇಕು. ಉಳಿದ ಅವಧಿಯ ಎರಡರಷ್ಟು ಕಾಲ ಅದರ ಭಾರ ತಂಡದ ಲೆಕ್ಕದಲ್ಲಿ ಕೂತಿರುತ್ತದೆ.

ಐಪಿಎಲ್‌ನಲ್ಲಿ ಋತು ಮುಗಿದ ಮೇಲೆ ಕೈಬಿಟ್ಟರೆ ತಂಡದ ಲೆಕ್ಕ ಚುಕ್ತಾ. ಆಟಗಾರ ಮತ್ತೆ ಹರಾಜಿನ ಕಟ್ಟೆ ಹತ್ತಬೇಕು. 2023ರ ಡಿಸೆಂಬರ್ 19ರಂದು ಹರ್ಷಲ್ 11.75 ಕೋಟಿಗೆ ಪಂಜಾಬ್ ತಂಡದ ಪಾಲಾದರು. ಹಸರಂಗ ಅವರಿಗೆ ಹೈದರಾಬಾದ್ ಕೊಟ್ಟದ್ದು 1.5 ಕೋಟಿ. ತಂಡ ಇಳಿಸಿದ ಹೊರೆಯನ್ನು ಕೊನೆಗೆ ಹೊರುವವನು ಆಟಗಾರನೇ.