ಒಂದು ಊರಿನ ಮನೆಮನೆಯೂ ಪ್ರಯೋಗಶಾಲೆಯಾದ ಕಥೆ

ವೈದ್ಯರ ಬಳಿಗೆ ಹೋದಾಗ ಅವರು ಮೊದಲು ಏನು ಮಾಡುತ್ತಾರೆ? ನಿಮ್ಮ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಾರೆ. ಬೀಡಿ, ಸಿಗರೇಟಿನ ಅಭ್ಯಾಸವಿದೆಯೇ ಎಂದು ಕೇಳುತ್ತಾರೆ. ರಕ್ತದ ಕೊಲೆಸ್ಟರಾಲ್ ಪರೀಕ್ಷೆಗೆ ಚೀಟಿ ಬರೆಯುತ್ತಾರೆ. ಹೃದ್ರೋಗಕ್ಕೂ ಈ ಮೂರಕ್ಕೂ ಸಂಬಂಧವಿದೆ ಎಂಬುದು ಇಂದು ಶಾಲಾ ಮಕ್ಕಳಿಗೂ ಗೊತ್ತು. ಆದರೆ ಇದು ಗೊತ್ತಾದದ್ದು ಹೇಗೆ? ಉತ್ತರ ಹುಡುಕುತ್ತ ಹೊರಟರೆ ನಾವು ತಲುಪುವುದು ಅಮೆರಿಕದ ಬಾಸ್ಟನ್ ನಗರದ ಪಶ್ಚಿಮಕ್ಕೆ ಸುಮಾರು 30 ಕಿ.ಮೀ. ದೂರದ ಫ್ರೇಮಿಂಗ್‌ಹ್ಯಾಮ್ ಎಂಬ ಊರನ್ನು.

ಅಧ್ಯಕ್ಷರ ರಕ್ತದೊತ್ತಡ

1944ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಹೃದ್ರೋಗ ತಜ್ಞ ಹೊವರ್ಡ್ ಬ್ರೂಯೆನ್ ಪರೀಕ್ಷಿಸಿದರು. ರಕ್ತದೊತ್ತಡ 186/108 ಇತ್ತು, ಹೃದಯ ಸೋಲತೊಡಗಿತ್ತು. ಆಗ ವೈದ್ಯರ ಕೈಯಲ್ಲಿ ಇದ್ದದ್ದು ವಿಶ್ರಾಂತಿ, ಉಪ್ಪು ಕಡಿಮೆ ಮಾಡಿದ ಊಟ, ಡಿಜಿಟಾಲಿಸ್ ಔಷಧಿ, ಇಷ್ಟೇ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ರೂಸ್‌ವೆಲ್ಟ್ ತೀರಿಕೊಂಡರು. ಅಂದಿನ ರಕ್ತದೊತ್ತಡ 300/190.

ವಯಸ್ಸಾದಂತೆ ರಕ್ತದೊತ್ತಡ ಏರುವುದು ಸಹಜ, ಗಟ್ಟಿಯಾದ ರಕ್ತನಾಳಗಳಲ್ಲಿ ರಕ್ತ ಹರಿಯಲು ಅದು ಬೇಕು ಎಂದು ಹಲವು ವೈದ್ಯರು ಆಗ ನಂಬಿದ್ದರು. ವಯಸ್ಸಿಗೆ 100 ಸೇರಿಸಿದರೆ ಬರುವ ಸಂಖ್ಯೆಯೇ ಸರಿಯಾದ ಒತ್ತಡ ಎಂಬ ಮಾತು ನಮ್ಮ ಮನೆಗಳಲ್ಲೂ ಬಹುಕಾಲ ಉಳಿದಿತ್ತಲ್ಲವೇ? ನಂಬಿಕೆ ಸರಿಯೋ ತಪ್ಪೋ ಎಂದು ತಿಳಿಯಲು ಆಸ್ಪತ್ರೆಗೆ ಬಂದ ರೋಗಿಗಳನ್ನು ನೋಡಿದರೆ ಸಾಲದು. ಅವರಿಗೆ ರೋಗ ಬಂದಾಗಿದೆ. ಅದಕ್ಕೆ ಮೊದಲು ಅವರು ಹೇಗಿದ್ದರು? ಅವರಂತೆಯೇ ಇದ್ದೂ ರೋಗ ಬಾರದವರು ಎಷ್ಟು ಮಂದಿ? ಇದನ್ನು ತಿಳಿಯಬೇಕಾದರೆ ಆರೋಗ್ಯವಂತರನ್ನೇ ಆರಿಸಿಕೊಂಡು ವರ್ಷಗಟ್ಟಲೆ ಕಾಯಬೇಕು.

ಎಷ್ಟು ಜನ, ಎಷ್ಟು ವರ್ಷ?

ನಾನು ಭೌತಶಾಸ್ತ್ರ ಪಾಠ ಮಾಡುವವನು. ವಿಕಿರಣಶೀಲ ವಸ್ತುವಿನ ಯಾವ ಪರಮಾಣು ಯಾವಾಗ ಕ್ಷಯಿಸುತ್ತದೆಂದು ಹೇಳಲಾಗದು; ಆದರೆ ಸಾಕಷ್ಟು ಘಟನೆಗಳನ್ನು ಎಣಿಸಿದರೆ ಕ್ಷಯದ ದರವನ್ನು ನಿಖರವಾಗಿ ಹೇಳಬಹುದು. ಎಣಿಕೆ N ಆದರೆ ಅದರಲ್ಲಿನ ಅನಿಶ್ಚಿತತೆ ಸುಮಾರು N ನ ವರ್ಗಮೂಲ. ಇಲ್ಲಿಯೂ ಅದೇ ಲೆಕ್ಕ. ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ರೋಗ ಬರುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. 1,000 ಜನರನ್ನು ಒಂದು ವರ್ಷ ನೋಡಿದರೆ 10 ಘಟನೆಗಳು. ಅನಿಶ್ಚಿತತೆ ಸುಮಾರು 3, ಅಂದರೆ ಶೇ. 30. 5,000 ಜನರನ್ನು 10 ವರ್ಷ ನೋಡಿದರೆ ಸುಮಾರು 500 ಘಟನೆಗಳು, ಅನಿಶ್ಚಿತತೆ ಶೇ. 5ಕ್ಕೂ ಕಡಿಮೆ. ಆದರೆ ಈ 500ನ್ನು ಗಂಡು-ಹೆಣ್ಣು, ಮೂರು ವಯೋಮಾನ, ರಕ್ತದೊತ್ತಡದ ಮೂರು ಮಟ್ಟ ಎಂದು 18 ಖಾನೆಗಳಿಗೆ ಹಂಚಿದರೆ ಒಂದೊಂದರಲ್ಲಿ ಉಳಿಯುವುದು ಸುಮಾರು 28 ಮಾತ್ರ! ಯೋಜಕರು 20 ವರ್ಷಗಳ ಅವಧಿಯನ್ನು ಇಟ್ಟುಕೊಂಡದ್ದು ಏಕೆಂದು ಈಗ ಅರ್ಥವಾದೀತು.

ಕುಟುಂಬಗಳ ಆಯ್ಕೆ

ಫ್ರೇಮಿಂಗ್‌ಹ್ಯಾಮ್‌ನಲ್ಲಿ ಆಗ ಸುಮಾರು 28,000 ಜನರಿದ್ದರು. ಊರು ಬಿಟ್ಟು ಹೋಗುವವರು ಕಡಿಮೆ. ಹಿಂದೊಮ್ಮೆ ಕ್ಷಯರೋಗ ನಿಯಂತ್ರಣದ ಪ್ರಯೋಗಕ್ಕೂ ಈ ಊರು ಸಹಕರಿಸಿತ್ತು. 1948ರಲ್ಲಿ ಅಧ್ಯಯನ ಆರಂಭವಾದಾಗ ಮೊದಲ ನಿರ್ದೇಶಕ ಗಿಲ್ಸಿನ್ ಮೆಡೋರ್ಸ್ ಸ್ವಯಂಸೇವಕರನ್ನೇ ಕರೆದರು. ಆದರೆ ತಾವಾಗಿಯೇ ಬರುವವರು ಆರೋಗ್ಯದ ಬಗ್ಗೆ ಹೆಚ್ಚು ಕಾಳಜಿಯುಳ್ಳವರಾಗಿರಬಹುದು. ಅವರು ಇಡೀ ಊರಿನ ಪ್ರತಿನಿಧಿಗಳಲ್ಲ. 1949ರಲ್ಲಿ ರಾಷ್ಟ್ರೀಯ ಹೃದಯ ಸಂಸ್ಥೆ ಹೊಣೆ ಹೊತ್ತು ಥಾಮಸ್ ಡಾಬರ್ ನಿರ್ದೇಶಕರಾದಾಗ ಈ ಕ್ರಮ ಬದಲಾಯಿತು. ಊರಿನ ನಿವಾಸಿಗಳ ಪಟ್ಟಿಯಿಂದ ಪ್ರತಿ ಮೂರು ಕುಟುಂಬಗಳಲ್ಲಿ ಎರಡನ್ನು ಆರಿಸಲಾಯಿತು. ಆಹ್ವಾನ ಪಡೆದ 6,507 ಮಂದಿಯಲ್ಲಿ ಬಂದವರು 4,469. ಕೊರತೆ ತುಂಬಲು 740 ಸ್ವಯಂಸೇವಕರನ್ನು ಸೇರಿಸಿಕೊಂಡು ಒಟ್ಟು 5,209 ಆಯಿತು. ಇವರಲ್ಲಿ 2,873 ಮಂದಿ ಮಹಿಳೆಯರು. ಹೃದ್ರೋಗವನ್ನು ಗಂಡಸರ ಕಾಯಿಲೆ ಎಂದು ಭಾವಿಸಿದ್ದ ಕಾಲದಲ್ಲಿ ಇದು ದೊಡ್ಡ ಹೆಜ್ಜೆ.

ಎರಡು ವರ್ಷಕ್ಕೊಮ್ಮೆ ಎಲ್ಲರಿಗೂ ಪೂರ್ಣ ಪರೀಕ್ಷೆ. ಅಲ್ಲಿ ಚಿಕಿತ್ಸೆ ಇಲ್ಲ. ವರದಿ ಅವರವರ ಕುಟುಂಬ ವೈದ್ಯರಿಗೆ ಹೋಗುತ್ತಿತ್ತು. ಹೀಗಾಗಿ ಊರಿನ ವೈದ್ಯರಿಗೂ ಇದು ಪೈಪೋಟಿಯಾಗಲಿಲ್ಲ. ಈ ಕ್ರಮದಿಂದ ಇನ್ನೊಂದು ಸಂಗತಿಯೂ ಹೊರಬಿತ್ತು. ಸುಮಾರು ಕಾಲು ಭಾಗ ಹೃದಯಾಘಾತಗಳು ಗಮನಕ್ಕೇ ಬಾರದೆ ಆಗಿಹೋಗಿದ್ದವು! ಮುಂದಿನ ಇಸಿಜಿಯಲ್ಲಷ್ಟೇ ಅವುಗಳ ಗುರುತು ಸಿಕ್ಕಿತು. ಆಸ್ಪತ್ರೆಯಲ್ಲಿ ಕುಳಿತು ಎಣಿಸಿದ್ದರೆ ಇವು ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಫಲ ಮತ್ತು ಗಂಡಾಂತರ

1957ರಿಂದ ಫಲಿತಾಂಶಗಳು ಬರತೊಡಗಿದವು. ರಕ್ತದೊತ್ತಡದ ಏರಿಕೆ ಸಹಜವೂ ಅಲ್ಲ, ನಿರಪಾಯವೂ ಅಲ್ಲ ಎಂಬುದು ಸ್ಪಷ್ಟವಾಯಿತು. 1961ರ ವರದಿಯಲ್ಲಿ ವಿಲಿಯಂ ಕ್ಯಾನೆಲ್ ಮತ್ತು ಸಂಗಡಿಗರು ಬಳಸಿದ 'ಅಪಾಯದ ಅಂಶಗಳು' ಎಂಬ ಮಾತು ವೈದ್ಯರ ದಿನಬಳಕೆಯ ಪದವಾಯಿತು. ಏಳು ಅಂಶಗಳನ್ನು ಒಟ್ಟಿಗೆ ಪರಿಶೀಲಿಸುವುದು ಹೇಗೆ? ಒಂದೊಂದಕ್ಕೆ ಮೂರು ಮಟ್ಟವೆಂದರೂ ಖಾನೆಗಳು 2,187. ಖಾನೆಗೆ ಇಬ್ಬರು ಮೂವರು ಸಿಗುವುದೂ ಕಷ್ಟ. ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು 1967ರಲ್ಲಿ ಖಾನೆಗಳನ್ನೇ ಬಿಟ್ಟು, ಎಲ್ಲ ಅಂಶಗಳಿಂದ ಒಬ್ಬರ ಅಪಾಯವನ್ನು ಲೆಕ್ಕ ಹಾಕುವ ಒಂದೇ ಸಮೀಕರಣ ಬಳಸಿ ತೋರಿಸಿದರು. ಇಂದಿನ ಹೃದ್ರೋಗ ಅಪಾಯ ಸೂಚ್ಯಂಕಗಳ ಮೂಲ ಇದೇ.

ಇಷ್ಟಾದರೂ 20 ವರ್ಷ ಮುಗಿಯುತ್ತಿದ್ದಂತೆ ಹಣವಿಲ್ಲವೆಂದು ಸರ್ಕಾರ ಅಧ್ಯಯನವನ್ನು ನಿಲ್ಲಿಸಲು ಹೊರಟಿತು. ಅಷ್ಟರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯ ಸೇರಿದ್ದ ಡಾಬರ್ ಖಾಸಗಿ ದೇಣಿಗೆ ಎತ್ತಿ ಅದನ್ನು ಉಳಿಸಿದರು. ಆಗ ನಿಂತಿದ್ದರೆ ಏನಾಗುತ್ತಿತ್ತು? 1971ರಲ್ಲಿ ಮೊದಲ ತಂಡದವರ ಮಕ್ಕಳು ಮತ್ತು ಆ ಮಕ್ಕಳ ಪತಿ-ಪತ್ನಿಯರು, ಒಟ್ಟು 5,124 ಮಂದಿ, ಸೇರಿದರು. 2002ರಿಂದ ಮೊಮ್ಮಕ್ಕಳು ಬಂದರು. ಕುಟುಂಬವಾಗಿ ಆರಿಸಿದ್ದರ ಬೆಲೆ ಆಗ ಗೊತ್ತಾಯಿತು. ರೋಗದಲ್ಲಿ ವಂಶದ ಪಾಲೆಷ್ಟು, ಒಂದೇ ಅಡುಗೆಮನೆಯ ಪಾಲೆಷ್ಟು ಎಂದು ಹೋಲಿಸಲು ಮೂರು ತಲೆಮಾರುಗಳ ದಾಖಲೆ ಸಿಕ್ಕಿತು.

ನಮ್ಮ ಲೆಕ್ಕ ನಾವೇ

ಒಂದು ಕೊರತೆ ಮಾತ್ರ ಆರಂಭದಿಂದಲೇ ಇತ್ತು. ಮೊದಲ ತಂಡದವರೆಲ್ಲ ಬಹುಪಾಲು ಬಿಳಿಯರು. ಬೇರೆ ಜನಾಂಗದವರ ತಂಡ ಕಟ್ಟಿದ್ದು 1994ರಲ್ಲಿ. ಆ ಊರಿನ ಸಮೀಕರಣವನ್ನು ನಮ್ಮ ಮೈಗೆ ಹಾಗೆಯೇ ಹೊಂದಿಸಲಾಗದು. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರನ್ನು ಹಳೆಯ ಹೆರಿಗೆ ದಾಖಲೆಗಳ ನೆರವಿನಿಂದ ಪತ್ತೆಹಚ್ಚಿ ಪರೀಕ್ಷಿಸಿದಾಗ, ಕಡಿಮೆ ತೂಕದ ಶಿಶುಗಳಾಗಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿರುವುದು 1996ರಲ್ಲಿ ಪ್ರಕಟವಾಯಿತು. ಹೆರಿಗೆ ಕೋಣೆಯಲ್ಲಿ ಮಗುವಿನ ತೂಕವನ್ನು ತಪ್ಪದೆ ಬರೆದಿಟ್ಟ ದಾದಿಯರು, ಅದು ಮುಂದೆ ವಿಜ್ಞಾನವಾದೀತೆಂದು ಊಹಿಸಿರಲಾರರು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯದ ದೀರ್ಘಕಾಲದ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೈಗೊಂಡಿತು.

ನಾಳೆ ನಿಮ್ಮ ಊರಿಗೂ ಇಂಥ ತಂಡ ಬಂದು ಬಾಗಿಲು ತಟ್ಟಬಹುದು. ಉದ್ದೇಶವೇನು, ನಿಮ್ಮ ವಿವರ ಗುಟ್ಟಾಗಿ ಉಳಿಯುವುದೇ, ಫಲಿತಾಂಶ ನಿಮಗೆ ತಿಳಿಸುತ್ತಾರೆಯೇ ಎಂದು ತಪ್ಪದೆ ಕೇಳಿ. ಉತ್ತರ ಒಪ್ಪಿಗೆಯಾದರೆ ಒಳಗೆ ಕರೆಯಿರಿ. ಅದರ ಫಲ ಸಿಗುವುದು ಬಹುಶಃ ನಿಮಗಲ್ಲ, ನಿಮ್ಮ ಮೊಮ್ಮಕ್ಕಳಿಗೆ. ಫ್ರೇಮಿಂಗ್‌ಹ್ಯಾಮ್‌ನ 5,209 ಮಂದಿ ಮಾಡಿದ್ದೂ ಅದನ್ನೇ.