ಮನೆಯ ಮಾತಿನಲ್ಲಿ ಕಟ್ಟಿದ ದೇಶ

ಫಿಲಿಪೈನ್ಸ್ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ. ಅಲ್ಲಿ ನೂರಕ್ಕೂ ಹೆಚ್ಚು ಭಾಷೆಗಳಿವೆ. ದೇಶದ ಹೆಸರು ಕೂಡ ಹೊರಗಿನದು, ಸ್ಪೇನ್ ದೊರೆ ಎರಡನೇ ಫಿಲಿಪ್‌ನಿಂದ ಬಂದದ್ದು. ಹೀಗೆ ಸಮುದ್ರದಲ್ಲಿ ಚದುರಿಹೋಗಿದ್ದ ಜನ ‘ನಾವೆಲ್ಲ ಒಂದು’ ಅಂದುಕೊಂಡದ್ದು ಹೇಗೆ? ಅವರ ಇತಿಹಾಸ ಓದಿದಾಗ ನಮಗೆ ಕಂಡದ್ದು ಇಷ್ಟು: ಅವರು ಮನೆಯೊಳಗಿನ ಮಾತುಗಳನ್ನೇ ಹೊರಗೆ ತಂದು ದೇಶಕ್ಕೆ ಬಳಸಿದರು.

ಸ್ಪೇನಿನವರು 1565ರಲ್ಲಿ ಬಂದು ನೆಲೆಯೂರುವ ಮೊದಲು ಅಲ್ಲಿನ ಬಹುಪಾಲು ಜನ ‘ಬರಂಗಾಯ್’ ಎಂಬ ಸಣ್ಣ ಸಣ್ಣ ಗುಂಪುಗಳಲ್ಲಿ ಬದುಕುತ್ತಿದ್ದರು. ಒಂದು ಗುಂಪೆಂದರೆ ಕೆಲವು ಹತ್ತು ಮನೆಗಳು, ಅವಕ್ಕೊಬ್ಬ ‘ದಾತು’, ಅಂದರೆ ಮುಖಂಡ. ‘ಬಲಾಂಗಾಯ್’ ಎಂದರೆ ದೋಣಿ. ಆ ಪದದಿಂದಲೇ ಊರಿಗೆ ಈ ಹೆಸರು ಬಂತು. ಇವತ್ತಿಗೂ ಅಲ್ಲಿನ ಸರ್ಕಾರದ ಅತಿ ಚಿಕ್ಕ ಘಟಕದ ಹೆಸರು ಬರಂಗಾಯ್. ನಮ್ಮ ಗ್ರಾಮ ಪಂಚಾಯಿತಿ ಇದ್ದಂತೆ ಅನ್ನಿ.

ಆ ಮನೆಗಳಲ್ಲಿ ತಾಯಿಯ ಕಡೆಯವರೂ ತಂದೆಯ ಕಡೆಯವರೂ ಸರಿಸಮ ಬಂಧುಗಳು. ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಡುವುದು ಹಳೆಯ ರೂಢಿ. ಈಗಲೂ ಮಗುವಿನ ಹೆಸರಿನ ನಡುವೆ ತಾಯಿಯ ತವರಿನ ಹೆಸರು, ಕೊನೆಗೆ ತಂದೆಯ ಮನೆತನದ ಹೆಸರು ಬರುತ್ತದೆ. ಗಂಡ, ಹೆಂಡತಿ, ಮಕ್ಕಳಷ್ಟೇ ಇರುವ ಚಿಕ್ಕ ಸಂಸಾರಗಳೇ ಹೆಚ್ಚು. ಆದರೆ ಕಷ್ಟ ಬಂದರೆ ಅಜ್ಜಿ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಹೆಗಲು ಕೊಡಬೇಕು. ಕ್ರೈಸ್ತ ಧರ್ಮ ಬಂದ ಮೇಲೆ ಬಳಗ ಇನ್ನಷ್ಟು ಹಿಗ್ಗಿತು. ಜ್ಞಾನಸ್ನಾನದ ದಿನ ಮಗುವಿಗೆ ಇನ್ನೊಬ್ಬ ತಂದೆ, ಇನ್ನೊಬ್ಬ ತಾಯಿ ಸಿಗುತ್ತಾರೆ: ‘ನಿನೊಂಗ್’, ‘ನಿನಾಂಗ್’. ಗೇಣಿ ರೈತರು ಜಮೀನ್ದಾರರನ್ನೇ ಈ ಸ್ಥಾನಕ್ಕೆ ಕರೆಯುವುದೂ ಇತ್ತು. ನೆಂಟಸ್ತಿಕೆಯ ಜೊತೆಗೆ ಋಣವೂ ಬೆಳೆಯಿತು.

ಈ ಮನೆಗಳನ್ನು ಲೆಕ್ಕಕ್ಕೆ ತರಲು ಸ್ಪೇನ್ ಸರ್ಕಾರ ಹೊರಟದ್ದು 1849ರಲ್ಲಿ. ಒಂದೇ ಮನೆಯವರಿಗೆ ಬೇರೆ ಬೇರೆ ಹೆಸರಿದ್ದರೆ ತೆರಿಗೆ ವಸೂಲಿ ಹೇಗೆ? ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ ಅಡ್ಡಹೆಸರುಗಳ ಪಟ್ಟಿ ಮಾಡಿಸಿ ಊರೂರಿಗೆ ಹಂಚಿಸಿದ. ಕೆಲವು ಪ್ರಾಂತ್ಯಗಳಲ್ಲಿ ಒಂದು ಊರಿಗೆ ಒಂದೇ ಅಕ್ಷರದಿಂದ ಶುರುವಾಗುವ ಹೆಸರುಗಳು ಬಂದವು. ಅದರ ಗುರುತು ಅಲ್ಲಿ ಇನ್ನೂ ಅಳಿಸಿಲ್ಲ.

‘ಫಿಲಿಪಿನೊ’ ಎಂಬ ಪದವೂ ಆಗ ಎಲ್ಲರದಾಗಿರಲಿಲ್ಲ. ದ್ವೀಪಗಳಲ್ಲಿ ಹುಟ್ಟಿದ ಸ್ಪೇನ್ ಮೂಲದವರನ್ನು ಹಾಗೆ ಕರೆಯುತ್ತಿದ್ದರು. ಹೊಸೆ ರಿಸಾಲ್‌ನ ಕಾಲದ ಓದಿದ ತರುಣರು ಆ ಪದವನ್ನು ತಮ್ಮದಾಗಿಸಿಕೊಂಡರು. 1892ರ ಜುಲೈನಲ್ಲಿ ಆಂದ್ರೆಸ್ ಬೊನಿಫಾಸಿಯೊ ಮತ್ತು ಗೆಳೆಯರು ‘ಕತಿಪುನಾನ್’ ಎಂಬ ಗುಪ್ತ ಸಂಘ ಕಟ್ಟಿದರು. ಟಗಾಲಾಗ್ ಭಾಷೆಯಲ್ಲಿ ‘ಅನಾಕ್’ ಎಂದರೆ ಮಗು, ಅದರಿಂದ ಬಂದ ‘ಮಗ್-ಅನಾಕ್’ ಎಂದರೆ ಕುಟುಂಬ. ಸಂಘದ ಪೂರ್ತಿ ಹೆಸರಿನಲ್ಲಿ ಇದ್ದದ್ದು ‘ಅನಾಕ್ ನಂಗ್ ಬಾಯನ್’, ಅಂದರೆ ನಾಡಿನ ಮಕ್ಕಳು. ನಾಡು ತಾಯಿಯಾದಳು, ಸಂಗಾತಿಗಳು ಒಡಹುಟ್ಟಿದವರಾದರು. ಸೇರುವವರು ತಮ್ಮ ರಕ್ತದಲ್ಲೇ ಸಹಿ ಹಾಕಬೇಕಿತ್ತು. 1896ರಲ್ಲಿ ದಂಗೆ ಎದ್ದಾಗ, ಎಂಬತ್ತು ದಾಟಿದ ಮೆಲ್ಚೋರಾ ಅಕ್ವಿನೊ ಹೋರಾಟಗಾರರಿಗೆ ಅನ್ನವಿಟ್ಟಳು, ಗಾಯಾಳುಗಳ ಆರೈಕೆ ಮಾಡಿದಳು. ಸ್ಪೇನ್ ಸರ್ಕಾರ ಅವಳನ್ನು ಗುವಾಮ್ ದ್ವೀಪಕ್ಕೆ ಗಡೀಪಾರು ಮಾಡಿತು.

ಆದರೆ ಒಡಹುಟ್ಟಿದವರಲ್ಲೂ ಜಗಳ ತಪ್ಪಲಿಲ್ಲ. 1897ರಲ್ಲಿ ಬೊನಿಫಾಸಿಯೊನನ್ನು ಕೊಂದವರು ಅವನದೇ ಕ್ರಾಂತಿಯವರು. ದಕ್ಷಿಣದ ಮಿಂಡನಾವೊ ಕಡೆಯ ಮುಸ್ಲಿಮರಿಗೂ ಗುಡ್ಡಗಾಡಿನ ಜನರಿಗೂ ಈ ‘ಮನೆ’ಯಲ್ಲಿ ಸುಲಭವಾಗಿ ಜಾಗ ಸಿಗಲಿಲ್ಲ. 1898ರಲ್ಲಿ ಸ್ವಾತಂತ್ರ್ಯ ಸಾರಿದರೂ ಸ್ಪೇನ್ ಹೋಗಿ ಅಮೆರಿಕ ಬಂತು. ಅಮೆರಿಕ ಬಿಟ್ಟುಕೊಟ್ಟದ್ದು 1946ರಲ್ಲಿ.

ಈಗಿನ ಸಂವಿಧಾನ 1987ರದ್ದು. ಕುಟುಂಬವೇ ರಾಷ್ಟ್ರದ ಬುನಾದಿ ಎಂದು ಅದು ಹೇಳುತ್ತದೆ. ವಯಸ್ಸಾದವರನ್ನು ನೋಡಿಕೊಳ್ಳುವುದು ಕುಟುಂಬದ ಕರ್ತವ್ಯ ಎಂದೂ ಹೇಳುತ್ತದೆ. ಕೇಳಲು ಚೆಂದ. ಆದರೆ ಭಾರವೆಲ್ಲ ಬೀಳುವುದು ಬುನಾದಿಯ ಮೇಲೆಯೇ ಅಲ್ಲವೇ?

1974ರಲ್ಲಿ ಬಂದ ಕಾರ್ಮಿಕ ಕಾನೂನು ಜನರನ್ನು ವಿದೇಶದ ಕೆಲಸಕ್ಕೆ ಕಳಿಸಲು ಸರ್ಕಾರಿ ವ್ಯವಸ್ಥೆ ಮಾಡಿತು. ಅಲ್ಲಿಂದೀಚೆಗೆ ಲಕ್ಷಾಂತರ ಮಂದಿ ನರ್ಸ್‌ಗಳಾಗಿ, ಮನೆಗೆಲಸದವರಾಗಿ, ಹಡಗಿನ ಕಾರ್ಮಿಕರಾಗಿ ಹೋದರು. ಅವರು ಕಳಿಸುವ ಹಣ ದೇಶದ ಆರ್ಥಿಕತೆಗೆ ಊರುಗೋಲು. ಸರ್ಕಾರ ಅವರನ್ನು ‘ಹೊಸ ವೀರರು’ ಎಂದು ಹೊಗಳಿತು. 1995ರಲ್ಲಿ ಕೊಲೆ ಆರೋಪದ ಮೇಲೆ ಫ್ಲೋರ್ ಕಾಂಟೆಂಪ್ಲಾಸಿಯನ್ ಎಂಬ ಮನೆಗೆಲಸದ ತಾಯಿಯನ್ನು ಸಿಂಗಪುರದಲ್ಲಿ ಗಲ್ಲಿಗೇರಿಸಿದಾಗ ಇಡೀ ದೇಶ ಸಿಡಿದೆದ್ದಿತು. ವಲಸೆ ಕಾರ್ಮಿಕರ ರಕ್ಷಣೆಗೆ ಅದೇ ವರ್ಷ ಕಾನೂನು ಬಂತು. ವಲಸೆ ಮಾತ್ರ ನಿಲ್ಲಲಿಲ್ಲ.

ಬೇರೆಯವರ ಮಕ್ಕಳನ್ನು ಎತ್ತಿ ಆಡಿಸುವ ತಾಯಿಯ ಸ್ವಂತ ಮಗುವನ್ನು ಊರಲ್ಲಿ ಸಾಕುವವರು ಯಾರು? ಅಜ್ಜಿ, ಚಿಕ್ಕಮ್ಮ, ದೊಡ್ಡಕ್ಕ. ತಾಯಿಯ ಕಡೆ, ತಂದೆಯ ಕಡೆ ಎಂದು ನೋಡದ ಆ ಹಳೆಯ ಬಳಗವೇ ಇಂದಿಗೂ ಮಕ್ಕಳ ಕೈ ಹಿಡಿದಿದೆ. ಸರ್ಕಾರ ಮಾಡಬೇಕಾದ ಎಷ್ಟೋ ಕೆಲಸವನ್ನು ಅದು ಸಂಬಳವಿಲ್ಲದೆ ಮಾಡುತ್ತಿದೆ.

ನಾಡನ್ನು ತಾಯಿ ಎಂದು ಕರೆದು ಅವರು ಒಂದು ದೇಶ ಕಟ್ಟಿಕೊಂಡರು. ಅದು ಸಣ್ಣ ಸಾಧನೆಯಲ್ಲ. ಆದರೆ ಹೆತ್ತ ಮಕ್ಕಳನ್ನು ಬಿಟ್ಟು ಹೋಗದೆಯೂ ದುಡಿದು ಬದುಕುವ ದಾರಿ ತಾಯಂದಿರಿಗೆ ಊರಲ್ಲೇ ಸಿಗಬೇಕು. ಆ ಸಾಲವನ್ನು ದೇಶ ಇನ್ನೂ ತೀರಿಸಿಲ್ಲ ಎಂಬುದು ನಮ್ಮ ಅನಿಸಿಕೆ.